ಬೋರಿನ ಆಳ ಕೇಳದೆ ಮೋಟಾರ್ ತರಬೇಡಿ: ಆರ್‌ಸಿ ಕಾರಿಗೆ ಬ್ರಶ್‌ಲೆಸ್ ಇಎಸ್‌ಸಿ ಆರಿಸುವುದು

ತಿಪಟೂರಿನಲ್ಲಿ ನಂದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಮಿಕ್ಸಿ, ಟೇಬಲ್ ಫ್ಯಾನು, ಎಲ್ಲ ಬರುತ್ತವೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ನಮ್ಮಕ್ಕನ ಮಗ ಒಂದು ಆಟದ ಕಾರು ತಂದು ಬೆಂಚಿನ ಮೇಲಿಟ್ಟ. ಆಟದ ಕಾರು ಅಂದರೆ ಅವನಿಗೆ ಸಿಟ್ಟು. "ಮಾವ, ಇದು ಆರ್‌ಸಿ ಕಾರು, ರಿಮೋಟಿನಲ್ಲಿ ಓಡಿಸೋದು. 1/10 ಸ್ಕೇಲು, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಪಾಲು, ಫೋರ್ ವೀಲ್ ಡ್ರೈವು" ಅಂದ. ಅದರ ಹೊಟ್ಟೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ನನಗೆ ಹೊಟ್ಟೆ ತುಂಬಿಸಿದ ವಾಸನೆ ಅದು, ಮೂಗಿಗೆ ತಕ್ಷಣ ಗೊತ್ತಾಯಿತು.

ಸುಟ್ಟಿದ್ದು ಮೋಟಾರ್ ಅಲ್ಲ, ಅದನ್ನು ಓಡಿಸುವ ಇಎಸ್‌ಸಿ. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್ ಅಂತ ಪೂರ್ತಿ ಹೆಸರು. ಬ್ಯಾಟರಿಯ ಡಿಸಿ ಕರೆಂಟನ್ನು ಮೂರು ವೈರಿಗೆ ಸರದಿ ಪ್ರಕಾರ ಹಂಚಿ ಬ್ರಶ್‌ಲೆಸ್, ಅಂದರೆ ಕಾರ್ಬನ್ ಬ್ರಶ್ ಇಲ್ಲದ, ಮೋಟಾರನ್ನು ತಿರುಗಿಸುವುದು ಇದರ ಕೆಲಸ. ತೋಟದಲ್ಲಿ ಸೋಲಾರ್ ಪಂಪಿನ ಕಂಟ್ರೋಲರ್ ನೋಡಿದ್ದೀರಲ್ಲ, ಅದರ ಮರಿ ಅಂದುಕೊಳ್ಳಿ.

ಸುಟ್ಟ ಇಎಸ್‌ಸಿಯ ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ 60ಎ ಅಂತ ಇತ್ತು. "60 ಆಂಪಿಯರ್ ಸಾಕಲ್ವಾ ಮಾವ?" ಅಂದ. ಗಾಡಿ ಎಷ್ಟು ತೂಕ, ಎಷ್ಟು ಸೆಲ್ಲಿನ ಬ್ಯಾಟರಿ, ಪಿನಿಯನ್ನಿಗೆ (ಮೋಟಾರ್ ಶಾಫ್ಟಿನ ಪುಟ್ಟ ಗೇರು, ಹಲ್ಲು ಜಾಸ್ತಿಯಾದಷ್ಟೂ ಮೋಟಾರಿಗೆ ಭಾರ) ಎಷ್ಟು ಹಲ್ಲು, ಎಲ್ಲಿ ಓಡಿಸಿದೆ ಅಂತ ಕೇಳಿದೆ. ಬ್ಯಾಟರಿ ಒಂದು ಬಿಟ್ಟು ಯಾವುದಕ್ಕೂ ಉತ್ತರ ಇಲ್ಲ. ನಮ್ಮ ಅಂಗಡಿಗೆ ಬರುವವರಲ್ಲೂ ಹೀಗೇ. ಐದು ಎಚ್‌ಪಿ ಬೇಕಾ, ಏಳೂವರೆ ಬೇಕಾ ಅಂತ ಕೇಳುತ್ತಾರೆ. ಬೋರ್ ಎಷ್ಟು ಆಳ, ನೀರು ಎಷ್ಟು ಅಡಿಗಿದೆ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಆಂಪಿಯರ್ ಕೊನೆಗೆ ನೋಡುವ ಸಂಖ್ಯೆ. ಮೊದಲು ನೋಡಬೇಕಾದ್ದು ಬೇರೆ ಇವೆ.

ಅವನ ಗಾಡಿಗೆ ಏನಾಯಿತು ಅಂತ ಹೇಳಿದರೆ ಅರ್ಧ ವಿಷಯ ಅಲ್ಲೇ ಮುಗಿಯುತ್ತದೆ. ಗಾಡಿ ಮೊದಲು ಬ್ರಶ್ ಮೋಟಾರಿನದು. ಇವನು ಅದನ್ನು ತೆಗೆದು 3650 ಸೈಜಿನ 3900 ಕೆವಿ ಬ್ರಶ್‌ಲೆಸ್ ಮೋಟಾರ್ ಕೂರಿಸಿದ. ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ. ಹಳೆಯ 17 ಹಲ್ಲಿನ ಪಿನಿಯನ್ ಹಾಗೇ ಬಿಟ್ಟ. ಬ್ಯಾಟರಿ 3ಎಸ್, ಅಂದರೆ ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್). ಓಡಿಸಿದ್ದು ಮಳೆ ಬಿದ್ದ ಮಾರನೇ ದಿನ, ತೆಂಗಿನ ತೋಟದ ಒದ್ದೆ ಹುಲ್ಲಿನಲ್ಲಿ. ಇಷ್ಟಾದ ಮೇಲೂ ಐದು ನಿಮಿಷ ಬಾಳಿತಲ್ಲ, ಆ ಇಎಸ್‌ಸಿಗೆ ಒಂದು ನಮಸ್ಕಾರ ಹಾಕಬೇಕು.

ಮೊದಲು ಗಾಡಿಯ ತೂಕ. ಬ್ಯಾಟರಿ ಸಮೇತ ತಕ್ಕಡಿಗೆ ಹಾಕಿ. ಇವನದು ಎರಡೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ಬಂತು. ಒಂದೂವರೆ ಕೆಜಿಯ ರೋಡ್ ಕಾರಿಗೂ ಮೂರು ಕೆಜಿಯ ಟ್ರಕ್ಕಿಗೂ ಸ್ಕೇಲು 1/10 ಅಂತಲೇ ಬರೆದಿರುತ್ತಾರೆ. ಆದರೆ ನಿಂತಲ್ಲಿಂದ ಎಳೆಯುವಾಗ ಇಎಸ್‌ಸಿ ಮೇಲೆ ಬೀಳುವ ಭಾರಕ್ಕೆ ಅಜಗಜ ವ್ಯತ್ಯಾಸ. ದೊಡ್ಡ ಟೈರು, ಒದ್ದೆ ಹುಲ್ಲು, ಸಡಿಲ ಮರಳು, ಇವೆಲ್ಲ ಆ ಭಾರಕ್ಕೆ ಇನ್ನಷ್ಟು ಸೇರಿಸುತ್ತವೆ. ಅದೇ ಗಾಡಿ ಎಪಿಎಂಸಿ ಯಾರ್ಡಿನ ಸಿಮೆಂಟ್ ನೆಲದಲ್ಲಿ ಆರಾಮಾಗಿ ಓಡುತ್ತದೆ.

ಆಮೇಲೆ ಮೋಟಾರ್. 3650 ಅಂದರೆ 36 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. 3660 ಅಂದರೆ 10 ಮಿ.ಮೀ. ಜಾಸ್ತಿ ಉದ್ದ. 4268 ಅಂದರೆ 42 ದಪ್ಪ, 68 ಉದ್ದ. ಉದ್ದ ಇದ್ದಷ್ಟೂ ತಾಮ್ರ ಜಾಸ್ತಿ, ಅಯಸ್ಕಾಂತ ಜಾಸ್ತಿ, ಬಿಸಿ ತಡೆಯುವ ಶಕ್ತಿಯೂ ಜಾಸ್ತಿ. ಭಾರದ ಗಾಡಿಗೆ ಗಿಡ್ಡ ಮೋಟಾರ್ ಹಾಕಿ ದೊಡ್ಡ ಇಎಸ್‌ಸಿ ಕೊಂಡರೆ ಇಎಸ್‌ಸಿ ಉಳಿದೀತು, ಮೋಟಾರ್ ಹೋಗುತ್ತದೆ. ಶಾಫ್ಟ್ ಕೂಡ ಅಳೆಯಿರಿ. ಸಣ್ಣ ಮೋಟಾರಿನದು ಸಾಮಾನ್ಯವಾಗಿ 3.17 ಮಿ.ಮೀ., ದೊಡ್ಡದರದು 5 ಮಿ.ಮೀ. ಪಿನಿಯನ್ ಅದಕ್ಕೆ ತಕ್ಕಂತೆ ತರಬೇಕು.

ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ. ನನಗೂ ಮೊದಲ ದಿನ ಹಾಗೇ ಅನ್ನಿಸಿ ಗಾಬರಿಯಾಗಿತ್ತು. ಒಂದು ವೋಲ್ಟಿಗೆ ಲೋಡಿಲ್ಲದೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ ಅದು. ಲಿಪೊ ಸೆಲ್ ಒಂದಕ್ಕೆ ಲೆಕ್ಕದ ವೋಲ್ಟೇಜ್ 3.7, ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ಲಿಗೆ 12.6. ನಮ್ಮ ಹುಡುಗನ ಮೋಟಾರಿಗೆ ಗುಣಿಸಿ ನೋಡಿ: 3900 ಗುಣಿಸು 12.6, ಅಂದರೆ ನಿಮಿಷಕ್ಕೆ 49,140 ಸುತ್ತು. ನಮ್ಮ ಪಂಪಿನ ಮೋಟಾರು 2,880 ಸುತ್ತಿಗೇ ಬೇರಿಂಗ್ ಕೂಗುತ್ತದೆ.

ಎಲ್ಲರೂ ಮುಗ್ಗರಿಸುವ ಜಾಗ ಇನ್ನು ಮುಂದೆ ಇದೆ, ಸ್ವಲ್ಪ ನಿಧಾನವಾಗಿ ಓದಿ. ವೋಲ್ಟೇಜ್ ಜಾಸ್ತಿಯಾದರೆ ಆಂಪಿಯರ್ ಕಮ್ಮಿಯಾಗುತ್ತದೆ ಅಂತ ಕೇಳಿರುತ್ತೀರಿ. ಅದು ನಿಜ, ಆದರೆ ಮಾಡುವ ಕೆಲಸ ಅಷ್ಟೇ ಇದ್ದರೆ ಮಾತ್ರ. ಅದೇ ಮೋಟಾರ್, ಅದೇ ಪಿನಿಯನ್ ಇಟ್ಟು 2ಎಸ್ ತೆಗೆದು 3ಎಸ್ ಹಾಕಿದರೆ ಕೆಲಸ ಅಷ್ಟೇ ಇರುವುದಿಲ್ಲ. ಮೋಟಾರ್ ಒಂದೂವರೆ ಪಟ್ಟು ಜೋರಾಗಿ ತಿರುಗಲು ನೋಡುತ್ತದೆ, ಹೊರಡುವಾಗ ಎಳೆಯುವ ಕರೆಂಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಆಂಪಿಯರ್ ಇಳಿಯಬೇಕು ಅಂದರೆ ಕೆವಿ ಇಳಿಸಬೇಕು. 3900 ಕೆವಿಗೆ ಎರಡು ಸೆಲ್ಲಿನ 7.4 ವೋಲ್ಟ್ ಕೊಟ್ಟರೆ 28,860 ಸುತ್ತು. 2600 ಕೆವಿಗೆ ಮೂರು ಸೆಲ್ಲಿನ 11.1 ಕೊಟ್ಟರೂ 28,860 ಸುತ್ತೇ. ಸ್ಪೀಡ್ ಅದೇ, ಕರೆಂಟು ಮೂರರಲ್ಲಿ ಎರಡು ಪಾಲು. ಇಎಸ್‌ಸಿ ತಣ್ಣಗೆ ಇರಬೇಕು ಅಂದರೆ ದಾರಿ ಇದು. ಬ್ಯಾಟರಿ ಮಾತ್ರ ಬದಲಿಸಿ "3ಎಸ್ ಹಾಕಿದೆ" ಅಂತ ಹೆಮ್ಮೆ ಪಡುವವರ ಗಾಡಿಗಳು ನನ್ನ ಬೆಂಚಿಗೆ ಬರುತ್ತವೆ.

ಇಎಸ್‌ಸಿ ಜೊತೆ ಬರುವ ಮ್ಯಾನ್ಯುಯಲ್ಲಿನಲ್ಲಿ ಒಂದು ಟೇಬಲ್ ಇರುತ್ತದೆ. 2ಎಸ್‌ಗೆ ಇಷ್ಟು ಕೆವಿವರೆಗೆ, 3ಎಸ್‌ಗೆ ಇಷ್ಟು ಕೆವಿವರೆಗೆ ಅಂತ. ಕೆಲವರು ಕೆವಿ ಬದಲು ಟಿ ಅಂತ ಕೊಡುತ್ತಾರೆ, 10.5ಟಿ, 13.5ಟಿ ಹೀಗೆ. ಅದು ವೈಂಡಿಂಗಿನ ಸುತ್ತು. ಸುತ್ತು ಕಮ್ಮಿ ಇದ್ದಷ್ಟೂ ಸ್ಪೀಡ್ ಜಾಸ್ತಿ, ಕರೆಂಟೂ ಜಾಸ್ತಿ. ಬಾಕ್ಸಿನ ಮೇಲೆ "2-3ಎಸ್" ಅಂತ ಬರೆದಿದ್ದರೂ 3ಎಸ್‌ಗೆ ಆ ಟೇಬಲ್ಲಿನ ಮಿತಿ ತೀರಾ ಕೆಳಗಿರುತ್ತದೆ. ಸುಟ್ಟ ಇಎಸ್‌ಸಿಯ ಟೇಬಲ್ಲಿನಲ್ಲೂ ಇತ್ತು. ಓದಿರಲಿಲ್ಲ ಅಷ್ಟೆ.

ಈಗ ಆಂಪಿಯರ್‌ಗೆ ಬರೋಣ. 60ಎ ಅನ್ನುವುದರ ಪಕ್ಕದಲ್ಲೇ ಮುನ್ನೂರು ಚಿಲ್ಲರೆ ಆಂಪಿಯರ್ ಬರ್ಸ್ಟ್ ಅಂತ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಮರೆತುಬಿಡಿ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ಅದು. ನಿರಂತರದ ಅಂಕಿಯನ್ನೂ ಪೂರ್ತಿ ನಂಬಬೇಡಿ, ಗಾಳಿ ಚೆನ್ನಾಗಿ ಆಡುವಾಗಿನ ಮಾತದು. 11.1 ವೋಲ್ಟಿಗೆ 60 ಆಂಪಿಯರ್ ಅಂದರೆ 666 ವ್ಯಾಟ್. ಒಂದು ಎಚ್‌ಪಿ ಅಂದರೆ 746. ಅಂಗೈಯಲ್ಲಿ ಹಿಡಿಯುವ ಡಬ್ಬಿ ಹೆಚ್ಚುಕಮ್ಮಿ ಒಂದು ಎಚ್‌ಪಿಯನ್ನು ಸುಮ್ನೆ ದಾಟಿಸಿಬಿಡುತ್ತದಾ? ಅದರಲ್ಲೂ ಏಪ್ರಿಲ್ ಬಿಸಿಲಿನಲ್ಲಿ, ಬಾಡಿ ಮುಚ್ಚಿಕೊಂಡು?

ನಿಮ್ಮ ಗಾಡಿ ನಿಜವಾಗಿ ಎಷ್ಟು ಎಳೆಯುತ್ತದೆ ಅಂತ ತಿಳಿಯಲು ಮೀಟರ್ ಬೇಡ, ಗಡಿಯಾರ ಸಾಕು. ಹನ್ನೆರಡು ನಿಮಿಷ ಓಡಿಸಿ. ಆಮೇಲೆ ಚಾರ್ಜರಿಗೆ ಹಾಕಿ. ಎಷ್ಟು ಎಂಎಎಚ್ ವಾಪಸ್ ತುಂಬಿತು ಅಂತ ಚಾರ್ಜರೇ ತೋರಿಸುತ್ತದೆ. 4000 ಅಂದರೆ ಒಂದು ಗಂಟೆಗೆ 4 ಆಂಪಿಯರ್; ಅಷ್ಟನ್ನು ಗಂಟೆಯ ಐದನೇ ಒಂದು ಪಾಲಿನಲ್ಲೇ ಖಾಲಿ ಮಾಡಿದ್ದರೆ ಸರಾಸರಿ 20 ಆಂಪಿಯರ್ ಎಳೆದಿದೆ. ನನ್ನ ಕೈ ಲೆಕ್ಕ ಏನೆಂದರೆ, ಈ ಸರಾಸರಿ ಇಎಸ್‌ಸಿ ಮೇಲಿನ ಅಂಕಿಯ ಮೂರನೇ ಒಂದು ಭಾಗ ದಾಟಬಾರದು. ಪುಸ್ತಕದಲ್ಲಿ ಇದು ಸಿಗುವುದಿಲ್ಲ, ಆದರೆ ಎರಡು ವರ್ಷದಲ್ಲಿ ಇದನ್ನು ಪಾಲಿಸಿದ ಗಾಡಿ ಒಂದೂ ಸುಟ್ಟು ಬಂದಿಲ್ಲ.

ಒಂದು ಅಂದಾಜು ಬೇಕು ಅನ್ನುವವರಿಗೆ: 1/18ರ ಪುಟ್ಟ ಗಾಡಿಗೆ 25ರಿಂದ 35 ಆಂಪಿಯರ್ ಸಾಕು. 1/10ರಲ್ಲಿ ಹಗುರವಾದ ಟೂ ವೀಲ್ ಡ್ರೈವ್, 2ಎಸ್, 3650 ಮೋಟಾರ್ ಆದರೆ 60 ನಡೆಯುತ್ತದೆ. ಅದೇ 1/10 ಫೋರ್ ವೀಲ್, ಎರಡೂವರೆ ಕೆಜಿ ಮೇಲೆ, ಯಾವತ್ತಾದರೂ 3ಎಸ್ ಹಾಕುವ ಆಸೆ ಇದ್ದರೆ 120ಕ್ಕೆ ಹೋಗಿ, ಕೆಳಗೆ ಬೇಡ. 1/8 ಬಗ್ಗಿ, ಟ್ರಗ್ಗಿಗಳಂಥ ದೊಡ್ಡ ಗಾಡಿಗಳಿಗೆ 4ಎಸ್ ಮತ್ತು ಮೇಲೆ, 150 ಆಂಪಿಯರ್. ಹಾಬಿವಿಂಗ್ ಕಂಪನಿಯ ಇಎಸ್‌ಸಿಗಳಲ್ಲಿ ಹೇಳುವುದಾದರೆ ಮಾಮೂಲಿ ಮ್ಯಾಕ್ಸ್10 ಎರಡರಿಂದ ಮೂರು ಸೆಲ್ಲಿಗೆ, ಮ್ಯಾಕ್ಸ್8 ಮೂರರಿಂದ ಆರು ಸೆಲ್ಲಿಗೆ. ಟ್ರಾಕ್ಸಸ್ ಕಂಪನಿಯ ವಿಎಕ್ಸ್‌ಎಲ್-3ಎಸ್ ಹೆಸರೇ ಹೇಳುವಂತೆ ಮೂರು ಸೆಲ್ಲಿನ ಮಿತಿಯದು. ಮುಂದೆ ದೊಡ್ಡ ಬ್ಯಾಟರಿ ಹಾಕುತ್ತೀರಾ ಅಂತ ಈಗಲೇ ಯೋಚಿಸಿ. ಆಂಪಿಯರ್ ಮಿತಿ ಸ್ವಲ್ಪ ಹೊತ್ತು ದಾಟಿದರೆ ಬಿಸಿಯಾಗುತ್ತದೆ, ವೋಲ್ಟೇಜ್ ಮಿತಿ ದಾಟಿದರೆ ಪಟ್ ಅಂತ ಹೋಗುತ್ತದೆ.

ಸೆನ್ಸರ್ ಬೇಕಾ ಬೇಡವಾ ಅನ್ನುವುದು ದೊಡ್ಡ ಜಗಳ. ವಿಷಯ ಇಷ್ಟೇ. ಯಾವ ವೈರಿಗೆ ಯಾವಾಗ ಕರೆಂಟು ಕೊಡಬೇಕು ಅಂದರೆ ಒಳಗಿನ ರೋಟರ್ ಎಲ್ಲಿದೆ ಅಂತ ಇಎಸ್‌ಸಿಗೆ ಗೊತ್ತಿರಬೇಕು. ಸೆನ್ಸರ್ ಮೋಟಾರಿನಲ್ಲಿ ಹಾಲ್ ಸೆನ್ಸರ್‌ಗಳು ಅದನ್ನು ಆರು ತಂತಿಯ ಸಣ್ಣ ಕೇಬಲ್ಲಿನಲ್ಲಿ ಹೇಳುತ್ತವೆ. ಸೆನ್ಸರ್ ಇಲ್ಲದಿದ್ದರೆ, ತಿರುಗುವಾಗ ಮೋಟಾರೇ ಹುಟ್ಟಿಸುವ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ. ನಿಂತ ಮೋಟಾರ್ ವೋಲ್ಟೇಜ್ ಹುಟ್ಟಿಸುವುದಿಲ್ಲ. ಹಾಗಾಗಿ ಹೊರಡುವಾಗ ಕತ್ತಲಲ್ಲಿ ತಡಕಾಡುತ್ತದೆ, ಗಾಡಿ ಗಡಗಡ ಅಂತ ಜಗ್ಗುತ್ತದೆ. ಇದಕ್ಕೆ ಕಾಗಿಂಗ್ ಅನ್ನುತ್ತಾರೆ. ಬಂಡೆ ಹತ್ತುವ ಕ್ರಾಲರ್‌ಗೆ ಸೆನ್ಸರ್ ಇಲ್ಲದಿದ್ದರೆ ಆಗುವುದೇ ಇಲ್ಲ. ಟ್ರ್ಯಾಕಿನಲ್ಲಿ ರೇಸ್ ಮಾಡುವವರಿಗೂ ಬೇಕು. ಬಯಲಿನಲ್ಲಿ ಧೂಳೆಬ್ಬಿಸುವವರಿಗೆ ಬೇಡ, ದುಡ್ಡು ಉಳಿಸಿ. ಕ್ರಾಲರ್‌ನವರು ಹಾಬಿವಿಂಗ್ ಫ್ಯೂಷನ್ ತರಹದ್ದನ್ನು ನೋಡಬಹುದು, ಅದರಲ್ಲಿ ಇಎಸ್‌ಸಿ ಮೋಟಾರಿನ ಒಳಗೇ ಇರುತ್ತದೆ. ಸುಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ ಅನ್ನುವುದು ರೀವೈಂಡಿಂಗ್‌ನವನ ಗೊಣಗಾಟ.

ಯಾರೂ ಕೇಳದ ಇನ್ನೊಂದು ಅಂಕಿ ಬಿಇಸಿ. ಇಎಸ್‌ಸಿ ಒಳಗೇ ಇನ್ನೊಂದು ಸಣ್ಣ ಸಪ್ಲೈ ಇರುತ್ತದೆ. ರಿಮೋಟಿನ ಮಾತು ಕೇಳುವ ರಿಸೀವರ್‌ಗೂ, ಚಕ್ರ ಹೊರಳಿಸುವ ಸ್ಟೀರಿಂಗ್ ಸರ್ವೋಗೂ ಕರೆಂಟು ಹೋಗುವುದು ಅಲ್ಲಿಂದ. ಹೊಸ ಇಎಸ್‌ಸಿ ಬಂದ ಮೇಲೆ ನಮ್ಮ ಹುಡುಗ 25 ಕೆಜಿ ಎಳೆಯುವ ಸರ್ವೋ ತಂದು ಹಾಕಿದ. ಗಾಡಿ ತೆಂಗಿನ ಪಾತಿಯ ಬದುವಿಗೆ ಮುಂದಿನ ಚಕ್ರ ಕೊಟ್ಟು ಸಿಕ್ಕಿಕೊಂಡಿತು. ಇವನು ಸ್ಟೀರಿಂಗ್ ತಿರುಗಿಸುತ್ತಲೇ ಇದ್ದ. ಸರ್ವೋ ಜಾಮ್ ಆಗಿ ಕರೆಂಟೆಲ್ಲ ನುಂಗಿತು, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಯಿತು. ಆ ಒಂದು ಗಳಿಗೆ ಗಾಡಿ ಯಾರ ಮಾತೂ ಕೇಳಲಿಲ್ಲ. ರೇಂಜಿನ ತೊಂದರೆ ಅಂತ ಎರಡು ದಿನ ಆಂಟೆನಾ ಹಿಡಿದುಕೊಂಡು ಒದ್ದಾಡಿದ. ಜಾಮ್ ಆದಾಗ ದೊಡ್ಡ ಸರ್ವೋ ಒಂದೇ ಎರಡು ಮೂರು ಆಂಪಿಯರ್ ಎಳೆಯುತ್ತದೆ. ಆದ್ದರಿಂದ 6 ವೋಲ್ಟ್, 3 ಆಂಪಿಯರ್‌ಗಿಂತ ಕಮ್ಮಿಯ ಬಿಇಸಿ ತರಬೇಡಿ. ದೊಡ್ಡ ಸರ್ವೋ ಇದ್ದರೆ ಇನ್ನೂ ಮೇಲಿರಲಿ, ವೋಲ್ಟೇಜ್ ಬದಲಿಸುವ ಅವಕಾಶ ಇದ್ದರೆ ಒಳ್ಳೇದು. ಸರ್ವೋ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ನೋಡಿ 7.4ಕ್ಕೆ ಹಾಕಿ, ಸುಮ್ನೆ ಏರಿಸಬೇಡಿ.

ವಿಮಾನ, ಡ್ರೋನ್‌ಗಳ ಇಎಸ್‌ಸಿ ಅರ್ಧ ಬೆಲೆಗೆ ಸಿಗುತ್ತದೆ. ಅದರಲ್ಲೂ ಮೂರು ವೈರೇ, ಅದೂ ಬ್ರಶ್‌ಲೆಸ್ಸೇ. ಆದರೆ ಕಾರಿಗೆ ಬೇಕಾದ ಬ್ರೇಕು, ರಿವರ್ಸು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇಡ.

ಫ್ಯಾನ್ ಬಗ್ಗೆ ಎರಡು ಮಾತು. ಕೆಲವು ಹಳೆಯ ಮಾದರಿಗಳಲ್ಲಿ ಫ್ಯಾನು ಬ್ಯಾಟರಿಯಿಂದ ನೇರ ಓಡುತ್ತದೆ, 3ಎಸ್ ಹಾಕಿದರೆ ಬೇರೆ ಫ್ಯಾನ್ ಹಾಕಬೇಕು. ಮ್ಯಾನ್ಯುಯಲ್ಲಿನಲ್ಲಿ ಬರೆದಿರುತ್ತದೆ. ನಮ್ಮ ಕಡೆ ಇನ್ನೊಂದು ಶತ್ರು ತೆಂಗಿನ ನಾರು. ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು ನಿಲ್ಲಿಸಿಬಿಡುತ್ತದೆ, ಶಬ್ದದಲ್ಲಿ ಗೊತ್ತೂ ಆಗುವುದಿಲ್ಲ. ಪ್ರತಿ ಸಲ ಓಡಿಸುವ ಮುಂಚೆ ಬೆರಳಲ್ಲಿ ತಿರುಗಿಸಿ ನೋಡಿ. ವಾಟರ್‌ಪ್ರೂಫ್ ಅಂದರೆ ಒಳಗಿನ ಬೋರ್ಡ್‌ ಮಾತ್ರ. ಫ್ಯಾನಿಗೂ ಮೋಟಾರಿನ ಬೇರಿಂಗಿಗೂ ಆ ಮಾತು ಅನ್ವಯಿಸುವುದಿಲ್ಲ. ಕೆಸರಲ್ಲಿ ಆಡಿಸಿದ ದಿನ ಬ್ಯಾಟರಿ ತೆಗೆದು, ಒರೆಸಿ, ಬೇರಿಂಗಿಗೆ ಒಂದು ತೊಟ್ಟು ಎಣ್ಣೆ ಬಿಡಿ.

ವೈರಿಂಗ್‌ನಲ್ಲಿ ಹಾಳಾಗುವಷ್ಟು ಬೇರೆಲ್ಲೂ ಹಾಳಾಗುವುದಿಲ್ಲ. ಜಾಗ ಸಾಲದೆ ಇಎಸ್‌ಸಿಯನ್ನು ದೂರ ಕೂರಿಸಬೇಕಾಗಿ ಬಂದರೆ ಮೋಟಾರ್ ಕಡೆಯ ಮೂರು ವೈರ್ ಉದ್ದ ಮಾಡಿ. ಬ್ಯಾಟರಿ ಕಡೆಯದನ್ನು ಉದ್ದ ಮಾಡಬೇಡಿ, ಕೆಪ್ಯಾಸಿಟರ್ ಮೇಲೆ ಏಟು ಬೀಳುತ್ತದೆ. ಕೊಳ್ಳುವ ಮುಂಚೆ ಕಂಪನಿ ಕೊಟ್ಟ ಅಳತೆಗೆ ರಟ್ಟು ಕತ್ತರಿಸಿ ಗಾಡಿಯಲ್ಲಿಟ್ಟು ನೋಡಿದರೆ ಈ ಕಷ್ಟವೇ ಇರುವುದಿಲ್ಲ. ಬ್ಯಾಟರಿ ಕನೆಕ್ಟರ್‌ಗೆ ಎಕ್ಸ್‌ಟಿ60 ಅನ್ನುವ ಸೈಜು ಸಾಕು, 4ಎಸ್ ಮೇಲೆ ಎಕ್ಸ್‌ಟಿ90. ದಪ್ಪ ಸಿಲಿಕಾನ್ ವೈರಿಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಆಗುವುದಿಲ್ಲ. ಸೀಸ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. 60 ವ್ಯಾಟ್ ಮೇಲಿನದು ಬೇಕು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರ ಕೈಲಿ ಒಂದು ಸಲ ರೆಡಿಮೇಡ್ ಕನೆಕ್ಟರ್ ತರಿಸಿದ್ದೆ. ಪ್ಲಸ್ ಗುರುತಿನ ಕಡೆ ಕಪ್ಪು ವೈರ್ ಹಾಕಿದ್ದರು. ಮೀಟರ್ ಹಿಡಿಯುವ ಅಭ್ಯಾಸ ಇದ್ದಿದ್ದಕ್ಕೆ ಉಳಿಯಿತು. ಉಲ್ಟಾ ಒಂದು ಸಲ ತಾಗಿದರೆ ಸಾಕು, ಇಎಸ್‌ಸಿ ಮುಗಿದ ಹಾಗೆ, ವಾರಂಟಿಯೂ ಇಲ್ಲ.

ನಮ್ಮ ಹುಡುಗನಿಗೆ ಕೊನೆಗೆ ಹಾಕಿಸಿದ್ದು 120 ಆಂಪಿಯರ್‌ನ ಸೆನ್ಸರ್ ಇಲ್ಲದ ಇಎಸ್‌ಸಿ, 3660 ಸೈಜಿನ 3200 ಕೆವಿ ಮೋಟಾರ್, 13 ಹಲ್ಲಿನ ಪಿನಿಯನ್. ಜೊತೆಗೆ ಇಎಸ್‌ಸಿಯ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ ಕಾರ್ಡ್ ತರಿಸಿದೆ. ಬೀಪ್ ಎಣಿಸಿಕೊಂಡು ಸೆಟ್ಟಿಂಗ್ ಮಾಡುವುದು ಯಾರಿಗೆ ಬೇಕು! ಮೊದಲು ಬ್ಯಾಟರಿಯ ಬಗೆ ಲಿಪೊ ಅಂತ ಇದೆಯಾ ನೋಡಬೇಕು. ನಿಕ್ಕಲ್ ಬ್ಯಾಟರಿಯ ಸೆಟ್ಟಿಂಗಿನಲ್ಲಿ ಬಿಟ್ಟರೆ ಲಿಪೊ ವೋಲ್ಟೇಜ್ ಕೆಳಗಿಳಿಯುತ್ತಲೇ ಹೋಗಿ ಬ್ಯಾಟರಿ ಉಬ್ಬುತ್ತದೆ. ಕಟಾಫ್, ಅಂದರೆ ಇಎಸ್‌ಸಿ ತಾನೇ ಕರೆಂಟು ನಿಲ್ಲಿಸುವ ಮಟ್ಟ, ಸೆಲ್ಲಿಗೆ 3.2ರಿಂದ 3.4 ವೋಲ್ಟ್ ಒಳಗೆ ಇರಲಿ. ಪಂಚ್, ಅಂದರೆ ಹೊರಡುವಾಗಿನ ಜಿಗಿತ, ಕಮ್ಮಿಯಿಂದ ಶುರು ಮಾಡಿ. ಟೈಮಿಂಗ್, ಅಂದರೆ ವೈರಿಗೆ ಕರೆಂಟು ಕೊಡುವ ಹೊತ್ತಿನ ಸೆಟ್ಟಿಂಗ್, ಮುಟ್ಟಬೇಡಿ.

ಮೊದಲ ಸಲ ಆನ್ ಮಾಡುವಾಗ ಗಾಡಿಯನ್ನು ಡಬ್ಬದ ಮೇಲೆ ಕೂರಿಸಿ, ಚಕ್ರ ನೆಲಕ್ಕೆ ತಾಗಬಾರದು. ರಿಮೋಟಿನ ತ್ರಾಟಲ್ ಕ್ಯಾಲಿಬ್ರೇಟ್ ಮಾಡಿ, ಅಂದರೆ ಪೂರ್ತಿ ಎಲ್ಲಿ, ನಡು ಎಲ್ಲಿ, ಬ್ರೇಕ್ ಎಲ್ಲಿ ಅಂತ ಇಎಸ್‌ಸಿಗೆ ಕಲಿಸಿ. ಮುಂದೆ ಒತ್ತಿದರೆ ಹಿಂದೆ ತಿರುಗಿತಾ? ತ್ರೀ ಫೇಸ್ ಪಂಪ್ ಉಲ್ಟಾ ತಿರುಗಿದರೆ ಏನು ಮಾಡುತ್ತೀರೋ ಅದನ್ನೇ ಮಾಡಿ, ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು. ಸೆನ್ಸರ್ ಕೇಬಲ್ ಇರುವ ಮೋಟಾರಿಗೆ ಮಾತ್ರ ಈ ಆಟ ಬೇಡ. ಅಲ್ಲಿ ಎ, ಬಿ, ಸಿ ಗುರುತಿನ ಪ್ರಕಾರವೇ ಹಾಕಬೇಕು, ದಿಕ್ಕನ್ನು ಸೆಟ್ಟಿಂಗಿನಲ್ಲಿ ಬದಲಿಸಬೇಕು. ಮೋಟಾರ್ ತಿರುಗದೆ ಗೂಂ ಅಂತ ಜಗ್ಗಾಡಿದರೆ ಇಎಸ್‌ಸಿ ಕೆಟ್ಟಿದೆ ಅಂತ ಅಳಬೇಡಿ. ಒಂದು ಫೇಸ್ ಹೋದ ಪಂಪೂ ಹಾಗೇ ಮಾಡುತ್ತದೆ. ಮೋಟಾರ್ ವೈರಿನ ತುದಿಯ ಬುಲೆಟ್ ಕನೆಕ್ಟರ್ ಸಡಿಲ ಇರುತ್ತದೆ, ಅದುಮಿ ನೋಡಿ.

ಆಮೇಲೆ ನೆಲಕ್ಕಿಳಿಸಿ ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮೋಟಾರ್ ಮೇಲೆ ಬೆರಳಿಡಿ. ಮೂರು ಎಣಿಸುವವರೆಗೆ ಬೆರಳು ನಿಲ್ಲದಿದ್ದರೆ ಪಿನಿಯನ್ ಒಂದು ಹಲ್ಲು ಕಮ್ಮಿ ಮಾಡಿ, ಮತ್ತೆ ಮೂರು ನಿಮಿಷ. ಟೆಂಪರೇಚರ್ ಗನ್ ಇದ್ದರೆ 80 ಡಿಗ್ರಿ ಒಳಗಿರಲಿ. ಕೋವಿಡ್ ಟೈಮಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ತಂದು ಹಿಡಿದ ನಮ್ಮ ಹುಡುಗ. ಅದು ಜ್ವರ ನೋಡುವ ಗನ್, 42 ದಾಟಿದ ಮೇಲೆ ಕೈ ಎತ್ತಿತು. ಬೆರಳೇ ವಾಸಿ ಅಂತ ಈಗ ಅವನೂ ಬೆರಳನ್ನೇ ಇಡುತ್ತಾನೆ.